ಸಣ್ಣ ಉದ್ಯಮ ನಡೆಸುವ ತಾಯಂದಿರಿಗೆ ಬೆಂಬಲ ಜಾಲ ಮತ್ತು ಮಾರ್ಗದರ್ಶನ: ಒಂದು ಕೈಪಿಡಿ ಲೇಖನ



ರೊಟ್ಟಿ ಬಡಿಯುವುದು, ಶೇಂಗಾ ಚಟ್ನಿ ಕುಟ್ಟುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಹೊಲಿಗೆ, ಕಸೂತಿ, ಹೈನುಗಾರಿಕೆ, ಕಿರಾಣಿ ಅಂಗಡಿ, ಖಾನಾವಳಿ ಮುಂತಾದ ವೃತ್ತಿಗಳನ್ನು ನಡೆಸುವ ತಾಯಂದಿರು ನಮ್ಮ ನಾಡಿನ ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ದುಡಿಮೆಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ಮಕ್ಕಳ ಶಾಲಾ ಶುಲ್ಕ ಸಲ್ಲುತ್ತದೆ. ಆದರೂ ಆ ದುಡಿಮೆಗೆ ‘ಉದ್ಯಮ’ ಎಂಬ ಹೆಸರು ಸಲ್ಲುವುದು ಅಪರೂಪ. ‘ಮನೆಯಲ್ಲೇ ಏನೋ ಮಾಡಿಕೊಂಡಿದ್ದಾರೆ’ ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯವರು ನೂಲುವ ಕಾಯಕದಿಂದ, ಆಯ್ದಕ್ಕಿ ಲಕ್ಕಮ್ಮನವರು ಅಕ್ಕಿ ಆಯುವ ಕಾಯಕದಿಂದ ಗುರುತಿಸಲ್ಪಟ್ಟವರು. ಹೆಣ್ಣುಮಗಳನ್ನು ಆಕೆಯ ಕಾಯಕದ ಹೆಸರಿನಿಂದಲೇ ಕರೆದು ಗೌರವಿಸಿದ ಪರಂಪರೆ ನಮ್ಮದಾಗಿರುವಾಗ, ಇಂದಿನ ತಾಯಂದಿರ ಉದ್ಯಮ ಏಕೆ ಬೆಳೆಯುತ್ತಿಲ್ಲ, ಬೆಳೆಯಲು ಏನು ಬೇಕು ಎಂಬುದನ್ನು ಸಮಾಜವು ತಿಳಿದಿರುವುದು ಅಗತ್ಯ. ಆ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಸಾಲ, ತರಬೇತಿ, ಮಾರ್ಗದರ್ಶನ, ಜಾಲ

ಈ ನಾಲ್ಕು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಇವು ಬೇರೆ ಬೇರೆ.

ಸಾಲವು ಬಂಡವಾಳವನ್ನು ಒದಗಿಸುತ್ತದೆ. ತರಬೇತಿಯು ಕೌಶಲವನ್ನು ಕಲಿಸುತ್ತದೆ. ಅದಕ್ಕೆ ಆರಂಭವೂ ಕೊನೆಯೂ ಇರುತ್ತವೆ. ಮಾರ್ಗದರ್ಶನವೆಂದರೆ ಅದೇ ದಾರಿಯಲ್ಲಿ ಮೊದಲು ನಡೆದವರು ಹೊಸಬರೊಡನೆ ಕೆಲವು ತಿಂಗಳು ಅಥವಾ ವರ್ಷಗಳ ಕಾಲ ನಿಂತು, ಆಯಾ ಸಂದರ್ಭದ ತೊಡಕನ್ನು ಬಿಡಿಸಲು ನೆರವಾಗುವುದು. ಅಂಥವರನ್ನು ಇಲ್ಲಿ ಮಾರ್ಗದರ್ಶಕಿ ಎಂದು ಕರೆಯಲಾಗಿದೆ. ಬೆಂಬಲ ಜಾಲವೆಂದರೆ ಒಂದೇ ಬಗೆಯ ಕಷ್ಟಸುಖಗಳುಳ್ಳ ಹಲವು ಉದ್ಯಮಿಗಳು ಪರಸ್ಪರ ಸುದ್ದಿ, ಗಿರಾಕಿ, ಕಚ್ಚಾ ಮಾಲು, ಧೈರ್ಯ ಇವುಗಳನ್ನು ಹಂಚಿಕೊಳ್ಳುವ ವ್ಯವಸ್ಥೆ.

ನಮ್ಮ ಹಳ್ಳಿ ಪಟ್ಟಣಗಳಲ್ಲಿ ಈಗ ಸಾಲ ಸುಲಭವಾಗಿ ದೊರೆಯುತ್ತಿದೆ, ತರಬೇತಿಯೂ ಸಾಕಷ್ಟಿದೆ. ಕೊರತೆ ಇರುವುದು ಉಳಿದೆರಡರಲ್ಲಿ. ಮಾರ್ಗದರ್ಶನವಿಲ್ಲದೆ ಸಾಲ ಮಾತ್ರ ಬಂದರೆ ಆಗುವ ಹಾನಿಯನ್ನು ಇತ್ತೀಚಿನ ವರ್ಷಗಳಲ್ಲಿ ನಾಡು ಕಂಡಿದೆ. ಆ ವಿಷಯವನ್ನು ಮುಂದೆ ವಿವರಿಸಲಾಗಿದೆ.

ನಡೆದುಬಂದ ದಾರಿ

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು, ತಾವಿದ್ದ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಮಾಡಲು ಕುಳಿತರು. ಅದೇ ಮುಂದೆ ಲಿಜ್ಜತ್ ಪಾಪಡ್ ಎಂದು ಹೆಸರಾಯಿತು. ಅಲ್ಲಿ ದುಡಿಯುವ ಪ್ರತಿ ಸಹೋದರಿಯೂ ಸಂಸ್ಥೆಯ ಒಡತಿ; ಲಾಭದಂತೆ ನಷ್ಟದಲ್ಲಿಯೂ ಪಾಲುದಾರಳು. ಕಲಸಿದ ಹಿಟ್ಟನ್ನು ಕೇಂದ್ರದಿಂದ ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ ಮರಳಿ ತಂದು ಒಪ್ಪಿಸುವ ಈ ಪದ್ಧತಿಯಲ್ಲಿ ಖರೀದಿ, ಗುಣಮಟ್ಟ, ಮಾರಾಟಗಳ ಹೊಣೆ ಒಬ್ಬಳ ತಲೆಯ ಮೇಲೆ ಬೀಳದೆ ಎಲ್ಲರಲ್ಲಿಯೂ ಹಂಚಿಹೋಯಿತು.

1972ರಲ್ಲಿ ಇಳಾ ಭಟ್ ಅವರು ಅಹಮದಾಬಾದಿನಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ ‘ಸೇವಾ’ವನ್ನು ಸ್ಥಾಪಿಸಿದರು. ತರಕಾರಿ ಮಾರುವವರು, ಹಳೆಯ ಬಟ್ಟೆ ವ್ಯಾಪಾರಿಗಳು, ತಲೆಹೊರೆಯ ಕೂಲಿಯವರು ಅದರ ಸದಸ್ಯರು. ಬ್ಯಾಂಕುಗಳು ತಮ್ಮನ್ನು ಒಳಗೆ ಬಿಟ್ಟುಕೊಳ್ಳದಿದ್ದಾಗ, 1974ರಲ್ಲಿ 4,000 ಮಹಿಳೆಯರು ತಲಾ 10 ರೂಪಾಯಿ ಷೇರು ಹಣ ಕೂಡಿಸಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆಯು, ದೊಡ್ಡ ಸಹಕಾರಿ ಸಂಘಗಳು ಒಡೆದ ಕಡೆಗಳಲ್ಲಿ ಪರಸ್ಪರ ನಂಬಿಕೆಯುಳ್ಳ ಜನರು ಸಣ್ಣ ಗುಂಪುಗಳಾಗಿ ಉಳಿತಾಯ ಮಾಡುವುದನ್ನು ಗುರುತಿಸಿ ಪೋಷಿಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ನೀಡಿತು. ಅದರ ಅನುಭವದ ಮೇಲೆಯೇ 1992ರಲ್ಲಿ 500 ಗುಂಪುಗಳೊಂದಿಗೆ ದೇಶದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆ ಕಾರ್ಯಕ್ರಮ ಆರಂಭವಾಯಿತು. 2000–01ರಲ್ಲಿ ರಾಜ್ಯ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾದ ಮೇಲೆ ‘ಸಂಜೀವಿನಿ’ ಹೆಸರಿನಲ್ಲಿ ಸಂಘಗಳು ವಾರ್ಡ್ ಮಟ್ಟದ ಒಕ್ಕೂಟವಾಗಿ, ಅವು ಮತ್ತೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟವಾಗಿ ಸಂಘಟಿತವಾಗಿವೆ.

ಇವೆಲ್ಲ ಮುಖ್ಯವಾಗಿ ಉಳಿತಾಯ ಮತ್ತು ಸಾಲದ ಜಾಲಗಳು. ಉದ್ಯಮವನ್ನೇ ಗುರಿಯಾಗಿಟ್ಟುಕೊಂಡ ಜಾಲಗಳು ಬೇರೆ. 1983ರಲ್ಲಿ ಬೆಂಗಳೂರಿನಲ್ಲಿ ಕೆಲವು ಮಹಿಳಾ ಉದ್ಯಮಿಗಳು ಕೂಡಿ ಸ್ಥಾಪಿಸಿದ ‘ಅವೇಕ್’, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ, ಅಂಥದ್ದು. ಉದ್ಯಮ ನಡೆಸಿದ ಅನುಭವವುಳ್ಳ ಮಹಿಳೆಯರೇ ಹೊಸಬರಿಗೆ ಸಲಹೆ ನೀಡುವುದು ಅದರ ವೈಶಿಷ್ಟ್ಯ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ತರಬೇತಿ ಪಡೆದವರನ್ನು ಎರಡು ವರ್ಷಗಳವರೆಗೆ ಅನುಸರಿಸಿ ವಿಚಾರಿಸುವ ಕ್ರಮವನ್ನು ರೂಢಿಸಿತು. ಈ ಮಾದರಿಯೇ ಮುಂದೆ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಹರಡಿತು. ಧಾರ್ಮಿಕ ಕ್ಷೇತ್ರವೊಂದರ ಸಂಕಲ್ಪವು ದೇಶದ ಮಾದರಿಯಾದ ಈ ನಿದರ್ಶನವು ಮಠಮಾನ್ಯಗಳಿಗೂ ಪ್ರೇರಣೆಯಾಗತಕ್ಕದ್ದು.

ಅಧ್ಯಯನಗಳು ತೋರಿಸಿಕೊಟ್ಟದ್ದು

ಮಾರ್ಗದರ್ಶನದಿಂದ ನಿಜಕ್ಕೂ ಪ್ರಯೋಜನವುಂಟೇ ಎಂಬುದನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಎರಡು ಅಧ್ಯಯನಗಳು ಗಮನಾರ್ಹ.

ಮೊದಲನೆಯದು ಅಹಮದಾಬಾದಿನ ಸೇವಾ ಬ್ಯಾಂಕಿನ ಗ್ರಾಹಕಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದುದು. ಎರಡು ದಿನಗಳ ವ್ಯವಹಾರ ಶಿಬಿರಕ್ಕೆ ಕೆಲವರನ್ನು ಒಬ್ಬೊಬ್ಬರಾಗಿ ಕರೆಯಲಾಯಿತು, ಇನ್ನು ಕೆಲವರಿಗೆ ಗೆಳತಿಯೊಬ್ಬಳನ್ನು ಜೊತೆಗೆ ಕರೆತರಲು ತಿಳಿಸಲಾಯಿತು. ಪಾಠ ಒಂದೇ, ಬೋಧಕರೂ ಒಂದೇ ಬಗೆಯವರು. ಗೆಳತಿಯೊಡನೆ ಬಂದವರು ಮುಂದೆ ಸಾಲ ಪಡೆದು ಅದನ್ನು ವ್ಯವಹಾರಕ್ಕೇ ಬಳಸಿದ್ದು ಹೆಚ್ಚು. ನಾಲ್ಕು ತಿಂಗಳ ಬಳಿಕ ಅವರ ಮನೆಯ ಆದಾಯವೂ ಹೆಚ್ಚಿದ್ದು ಕಂಡುಬಂದಿತು. ಒಬ್ಬರೇ ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹೆಣ್ಣುಮಕ್ಕಳ ಓಡಾಟಕ್ಕೆ ಕಟ್ಟುಪಾಡು ಹೆಚ್ಚಿರುವ ಸಮುದಾಯಗಳಲ್ಲಿಯೇ ಗೆಳತಿಯ ಜೊತೆಯ ಫಲ ಅಧಿಕವಾಗಿತ್ತು.

ಎರಡನೆಯದು ಕೀನ್ಯಾ ದೇಶದ ರಾಜಧಾನಿ ನೈರೋಬಿಯ ದಾಂಡೋರ ಎಂಬ ಬಡಾವಣೆಯದು; 2018ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸದಾಗಿ ವ್ಯಾಪಾರ ಹಿಡಿದ ಕೆಲವು ಮಹಿಳೆಯರಿಗೆ ತರಗತಿಯ ಪಾಠ ಹೇಳಿಸಲಾಯಿತು, ಇನ್ನು ಕೆಲವರನ್ನು ಅದೇ ಬಡಾವಣೆಯಲ್ಲಿ ಯಶಸ್ವಿಯಾಗಿ ವ್ಯಾಪಾರ ಮಾಡುತ್ತಿದ್ದ ಹಿರಿಯ ಮಹಿಳೆಯರೊಡನೆ ಜೋಡಿಸಲಾಯಿತು. ಮಾರ್ಗದರ್ಶಕಿ ಇದ್ದವರ ಲಾಭ ಸರಾಸರಿ ಶೇ. 20ರಷ್ಟು ಹೆಚ್ಚಿತು. ಮುಖ್ಯ ಕಾರಣ, ಕಡಿಮೆ ಬೆಲೆಗೆ ಮಾಲು ಕೊಡುವ ಸಗಟು ವ್ಯಾಪಾರಿ ಯಾರೆಂಬುದು ಮಾರ್ಗದರ್ಶಕಿಯಿಂದ ತಿಳಿದದ್ದು. ಊರಿನ ಇಂಥ ತಿಳಿವಳಿಕೆ ಪುಸ್ತಕದಲ್ಲಿ ದೊರೆಯುವುದಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು: ಜೋಡಿಗಳ ಭೇಟಿ ನಿಂತಂತೆ ಲಾಭದ ಹೆಚ್ಚಳವೂ ಕರಗಿತು. ಒಮ್ಮೆ ಕಾರ್ಯಕ್ರಮ ಮಾಡಿ, ಶಾಲು ಹೊದಿಸಿ, ಭಾವಚಿತ್ರ ತೆಗೆಸಿಕೊಂಡು ಕೈಬಿಟ್ಟರೆ ಫಲ ನಿಲ್ಲುವುದಿಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ.

ರೊಟ್ಟಿಯ ಲೆಕ್ಕ: ಮಾರ್ಗದರ್ಶನವು ಹೇಗೆ ನೆರವಾಗುತ್ತದೆ

ವಿಷಯ ಸ್ಪಷ್ಟವಾಗಲೆಂದು ಒಂದು ಊಹಾ ಲೆಕ್ಕವನ್ನು ನೋಡೋಣ. ಇಲ್ಲಿನ ದರಗಳು ತಿಳಿವಳಿಕೆಗಾಗಿ ಮಾತ್ರ. ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತವೆ.

ಅತ್ತೆ ಸೊಸೆ ಇಬ್ಬರೂ ಸೇರಿ ದಿನಕ್ಕೆ 200 ಜೋಳದ ರೊಟ್ಟಿ ಬಡಿದು, ಒಂದಕ್ಕೆ 7 ರೂಪಾಯಿಯಂತೆ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಸಂಜೆಗೆ ಕೈಗೆ ಬರುವುದು 1,400 ರೂಪಾಯಿ. ಕೆಜಿಗೆ 50 ರೂಪಾಯಿಯಂತೆ 15 ಕೆಜಿ ಹಿಟ್ಟಿಗೆ 750, ಉರುವಲಿಗೆ 150, ಪೊಟ್ಟಣ ಹಾಗೂ ಸಾಗಣೆಗೆ 120. ಒಟ್ಟು ಖರ್ಚು 1,020. ಉಳಿಯುವುದು 380. ಇಬ್ಬರ ದುಡಿಮೆಗೆ ಹಂಚಿದರೆ ತಲಾ 190 ರೂಪಾಯಿ. ಈ ಲೆಕ್ಕವನ್ನು ಬರೆದಿಡದವರಿಗೆ 1,400 ಮಾತ್ರ ಕಾಣುತ್ತದೆ. 190 ಕಾಣುವುದಿಲ್ಲ.

ಅನುಭವಿ ಮಾರ್ಗದರ್ಶಕಿ ಇಲ್ಲಿ ಮೊದಲು ಕೇಳುವುದು ‘ಜೋಳ ಎಲ್ಲಿಂದ ತರುತ್ತೀರಿ?’ ಎಂದು. ಹಿಂಗಾರಿ ಜೋಳದ ಸುಗ್ಗಿಯಲ್ಲಿ ನಾಲ್ಕೈದು ಮನೆಯವರು ಕೂಡಿ ಮಾರುಕಟ್ಟೆಯಿಂದ ಚೀಲಗಟ್ಟಲೆ ಕೊಂಡು, ಬೇಕಾದಾಗ ಬೀಸಿಕೊಂಡು, ಹಿಟ್ಟಿನ ವೆಚ್ಚವನ್ನು ಕೆಜಿಗೆ 40 ರೂಪಾಯಿಗೆ ಇಳಿಸಿದರೆ ದಿನಕ್ಕೆ 150 ರೂಪಾಯಿ ಉಳಿಯುತ್ತದೆ. 380 ಇದ್ದದ್ದು 530 ಆಗುತ್ತದೆ. ಒಂದು ರೊಟ್ಟಿಯನ್ನೂ ಹೆಚ್ಚು ಬಡಿಯದೆ ಬಂದ ಆದಾಯವಿದು. ಎರಡನೆಯ ಪ್ರಶ್ನೆ, ‘ಉದ್ರಿ ಎಷ್ಟಿದೆ?’ ಎಂಬುದು. ಮೂರನೆಯದು, ‘ನಿಮ್ಮ ಕೂಲಿಯನ್ನು ಖರ್ಚಿನಲ್ಲಿ ಹಿಡಿದಿದ್ದೀರಾ?’ ಎಂಬುದು. ಬಹುತೇಕ ತಾಯಂದಿರು ತಮ್ಮ ಶ್ರಮಕ್ಕೆ ಬೆಲೆ ಕಟ್ಟುವುದೇ ಇಲ್ಲ. ಬಂಧುಗಳ ಮನೆಯ ಕಾರ್ಯಕ್ಕೆ ಹಣ ಕೇಳಲು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಬಿಡಿಸುವುದು ಅದನ್ನು ತಾನೂ ದಾಟಿ ಬಂದ ಇನ್ನೊಬ್ಬ ಹೆಣ್ಣುಮಗಳಿಗೆ ಮಾತ್ರ ಸಾಧ್ಯ.

ಸಾಲ ಆಕೆಯ ಹೆಸರಿನಲ್ಲಿ, ಹಣ ಯಾರ ಕೈಯಲ್ಲಿ?

ಈ ಭಾಗವನ್ನು ಮನೆಯ ಗಂಡಸರೂ ಓದಬೇಕೆಂದು ವಿನಂತಿ. ಸಂಘದ ಸಾಲ, ಕಿರುಸಾಲಗಳು ಮಹಿಳೆಯರ ಹೆಸರಿನಲ್ಲಿ ದೊರೆಯುತ್ತವೆ. ಆದರೆ ಆ ಹಣ ಎಷ್ಟೋ ಬಾರಿ ಪತಿಯ ವ್ಯವಹಾರಕ್ಕೆ, ಬೋರ್‌ವೆಲ್‌ಗೆ, ಮದುವೆಗೆ, ಹಳೆಯ ಕೈಗಡ ತೀರಿಸಲು ಹೋಗುತ್ತದೆ. ಮಹಿಳೆಗೆ ಕೊಟ್ಟ ಬಂಡವಾಳವು ಮನೆಯ ಗಂಡಸಿನ ವ್ಯವಹಾರಕ್ಕೆ ಹರಿದುಹೋಗುವುದನ್ನು ಭಾರತ, ಶ್ರೀಲಂಕಾ, ಘಾನಾ ದೇಶಗಳ ಮಾಹಿತಿಯನ್ನಿಟ್ಟು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಮಹಿಳೆಯ ಉದ್ಯಮ ಬೆಳೆಯದಿರಲು ಆಕೆಯ ಅಸಾಮರ್ಥ್ಯವೇ ಕಾರಣವೆಂಬ ಮಾತು ಇದರಿಂದ ಸುಳ್ಳಾಗುತ್ತದೆ. ಕಂತು ಕಟ್ಟುವ ದಿನ ಬಂದಾಗ ಬಾಗಿಲಲ್ಲಿ ನಿಲ್ಲಬೇಕಾದವಳು ಮಾತ್ರ ಆಕೆಯೇ.

ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂಬ ಸುಳಿಗೆ ಸಿಲುಕಿ ಮನೆಬಿಟ್ಟ, ಪ್ರಾಣವನ್ನೇ ಕಳೆದುಕೊಂಡ ದುರಂತಗಳು ನಮ್ಮ ರಾಜ್ಯದಲ್ಲಿ ನಡೆದವು. ಅದರ ಪರಿಣಾಮವಾಗಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲವಂತದ ಸಾಲ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿಯಮಗಳನ್ನೂ ಪ್ರತಿ ತಾಯಿ ತಿಳಿದಿರಬೇಕು. ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಅವಾಚ್ಯ ಮಾತು, ಬೆದರಿಕೆ, ಬಂಧುಗಳಿಗೆ ಕಿರುಕುಳ ಇವೆಲ್ಲ ನಿಷಿದ್ಧ.

ಕಾನೂನು ಆಪತ್ತಿನ ನಂತರ ಕೆಲಸ ಮಾಡುತ್ತದೆ. ಜಾಲವು ಮೊದಲೇ ಕೆಲಸ ಮಾಡಬಲ್ಲದು. ಸಹಿ ಹಾಕುವ ಮುನ್ನ ‘ಅಕ್ಕಾ, ಈ ಸಾಲ ನನ್ನ ಅಂಗಡಿ ತಾಳಬಲ್ಲದೇ?’ ಎಂದು ಕೇಳಲು ಒಬ್ಬರಿದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಎಲ್ಲಿ ಏನು ದೊರೆಯುತ್ತದೆ

*ಸಂಜೀವಿನಿ ಒಕ್ಕೂಟ:* ಗ್ರಾಮೀಣ ತಾಯಂದಿರಿಗೆ ಮೊದಲ ಬಾಗಿಲು ಇದೇ. ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳನ್ನು ಪಾಲಿಸುವ ಸಂಘಕ್ಕೆ ಬ್ಯಾಂಕ್ ಸಾಲ ಸುಲಭ. ಒಕ್ಕೂಟದ ಕಚೇರಿಯು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಇರುತ್ತದೆ. ಸಂಘದ ಮಹಿಳೆಯರೇ ನಡೆಸುವ ‘ಅಕ್ಕ ಕೆಫೆ’ಗಳೂ ಈ ವ್ಯವಸ್ಥೆಯಿಂದ ರೂಪುಗೊಂಡವು.

*ಆರ್‌ಸೆಟಿ ಮತ್ತು ರುಡ್‌ಸೆಟ್:* ಊಟ ವಸತಿಯೊಡನೆ ಉಚಿತ ತರಬೇತಿ, ನಂತರದ ಅನುಸರಣೆ. ಜಿಲ್ಲೆಯ ಅಗ್ರಣಿ ಬ್ಯಾಂಕಿನಲ್ಲಿ ವಿಚಾರಿಸಬಹುದು. ಧಾರವಾಡದಲ್ಲಿ ಕೇಂದ್ರ ಕಚೇರಿಯುಳ್ಳ ಸಿಡಾಕ್ ಸಂಸ್ಥೆಯೂ ಉದ್ಯಮಶೀಲತಾ ತರಬೇತಿ ನೀಡುತ್ತದೆ.

*ಉದ್ಯೋಗಿನಿ ಯೋಜನೆ:* ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ್ದು. ಬ್ಯಾಂಕಿನ ಮೂಲಕ 3 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸಹಾಯಧನವಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು.

*ಮುದ್ರಾ ಸಾಲ:* 2015ರಿಂದ ಜಾರಿಯಲ್ಲಿದೆ. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಹಂತಗಳಿವೆ. ಇದಕ್ಕೆ ಅಡಮಾನ ಬೇಕಿಲ್ಲ.

*ಆಹಾರ ಕಿರು ಉದ್ಯಮ ಯೋಜನೆ:* 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆ. ರೊಟ್ಟಿ, ಚಟ್ನಿಪುಡಿ, ಬೆಲ್ಲ, ಉಪ್ಪಿನಕಾಯಿಯಂಥ ಘಟಕಗಳಿಗೆ ಯಂತ್ರೋಪಕರಣ ಸಹಿತ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಯೋಜನಾ ವರದಿ ಬರೆಯುವುದರಿಂದ ಬ್ಯಾಂಕಿನ ಒಪ್ಪಿಗೆಯವರೆಗೆ ಜೊತೆಗಿರಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ನೇಮಕವಿರುವುದು ಇದರ ವಿಶೇಷ.

*ಉದ್ಯಮ್ ನೋಂದಣಿ:* 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಬರವಣಿಗೆಯ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಖರೀದಿಯಲ್ಲಿ ಶೇ. 3ರಷ್ಟನ್ನು ಮಹಿಳಾ ಒಡೆತನದ ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂಬ ನಿಯಮವೂ ಇದೆ.

ಯೋಜನೆಗಳ ಮಿತಿ, ಅರ್ಹತೆಗಳು ಪರಿಷ್ಕರಣೆಗೊಳ್ಳುತ್ತಿರುತ್ತವೆ. ಅರ್ಜಿ ಹಾಕುವ ಮುನ್ನ ಚಾಲ್ತಿಯ ನಿಯಮವನ್ನು ಆಯಾ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ‘ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು.

ಊರಿನಲ್ಲಿ ಜಾಲ ಕಟ್ಟುವ ಬಗೆ

ಇದಕ್ಕೆ ದೊಡ್ಡ ನಿಧಿಯಾಗಲಿ ಕಟ್ಟಡವಾಗಲಿ ಬೇಕಿಲ್ಲ. ಕೆಳಗಿನ ಕ್ರಮವನ್ನು ಯಾವುದೇ ಅಕ್ಕನ ಬಳಗ, ಮಹಿಳಾ ಸಂಘ ಅಥವಾ ಮಠದ ಭಕ್ತಮಂಡಳಿ ಅನುಸರಿಸಬಹುದು.

1. ಎಂಟರಿಂದ ಹನ್ನೆರಡು ಮಂದಿಯ ಬಳಗ ಸಾಕು. ಎಲ್ಲರೂ ಈಗಾಗಲೇ ಏನಾದರೊಂದು ವ್ಯಾಪಾರ ನಡೆಸುತ್ತಿರುವವರಾಗಲಿ.

2. ತಿಂಗಳಿಗೆ ಎರಡು ಸಲ, ಗೊತ್ತಾದ ದಿನ, ಗೊತ್ತಾದ ಹೊತ್ತು. ಮಧ್ಯಾಹ್ನದ ಊಟದ ಕೆಲಸ ಮುಗಿದ ವೇಳೆ ಎಲ್ಲರಿಗೂ ಅನುಕೂಲ. ಚಿಕ್ಕ ಮಕ್ಕಳನ್ನು ಕರೆತರಲು ಅವಕಾಶವಿರಲಿ.

3. ಪ್ರತಿ ಹೊಸಬಳಿಗೂ ಒಬ್ಬ ಮಾರ್ಗದರ್ಶಕಿ. ಆಕೆ ಐದು ವರ್ಷವಾದರೂ ವ್ಯಾಪಾರ ನಡೆಸಿದವಳಾಗಿರಲಿ. ನೇರ ಪೈಪೋಟಿ ಬಾರದಂತೆ ಬೇರೆ ಓಣಿಯ ಅಥವಾ ಬೇರೆ ಸರಕಿನವಳಾಗಿರಲಿ. ಒಡನಾಟ ಕನಿಷ್ಠ ಒಂದು ವರ್ಷ ನಡೆಯಲಿ.

4. ಮೊದಲ ತಿಂಗಳು ದಿನದ ಖರ್ಚು, ಮಾರಾಟ, ಉದ್ರಿ ಇವನ್ನು ಬರೆಯುವ ರೂಢಿ ಮಾತ್ರ. ಮನೆಯ ಹಣ ಮತ್ತು ವ್ಯಾಪಾರದ ಹಣ ಬೇರೆ ಬೇರೆ ಡಬ್ಬಿಯಲ್ಲಿರಲಿ. ಲೆಕ್ಕ ಕೈಗೆ ಬಂದ ಮೇಲೆಯೇ ಸಾಲದ ಮಾತು.

5. ಬ್ಯಾಂಕಿಗೆ, ಸಂತೆಗೆ, ಕಚೇರಿಗೆ ಮೊದಲ ಸಲ ಹೋಗುವಾಗ ಇಬ್ಬರು ಜೊತೆಯಾಗಿ ಹೋಗಲಿ.

6. ಬಳಗದಲ್ಲಿ ಹೇಳಿದ ಮನೆಯ ಮಾತು ಹೊರಗೆ ಹೋಗಬಾರದು. ಮಾರ್ಗದರ್ಶಕಿಯು ಸಾಲಕ್ಕೆ ಜಾಮೀನು ನಿಲ್ಲಬಾರದು, ತಾನೂ ಸಾಲ ಕೊಡಬಾರದು. ಹಣ ನಡುವೆ ಬಂದರೆ ನೇರ ಮಾತು ನಿಂತುಹೋಗುತ್ತದೆ.

7. ವರ್ಷಕ್ಕೊಮ್ಮೆ ಮನೆಯವರನ್ನೂ ಕರೆದು, ಆಯಾ ಉದ್ಯಮದ ವರ್ಷದ ಲೆಕ್ಕವನ್ನು ಅದರ ಒಡತಿಯೇ ಓದಿ ಹೇಳಲಿ. ಆ ದಿನ ಮನೆಯಲ್ಲಿ ಆಕೆಯ ದುಡಿಮೆಗೆ ‘ಉದ್ಯಮ’ ಎಂಬ ಹೆಸರು ಬರುತ್ತದೆ.

ಭಕ್ತರ ಪಾಲಿನ ಕರ್ತವ್ಯ

ಜಾತ್ರೆ, ಶಿವಾನುಭವ ಗೋಷ್ಠಿ, ಮದುವೆ, ಗೃಹಪ್ರವೇಶಗಳಿಗೆ ರೊಟ್ಟಿ, ಹೋಳಿಗೆ, ಚಟ್ನಿಪುಡಿ, ಬಟ್ಟೆ ಚೀಲಗಳನ್ನು ಕೊಳ್ಳುವಾಗ ಊರಿನ ತಾಯಂದಿರ ಬಳಗಕ್ಕೆ ಮೊದಲ ಅವಕಾಶ ಕೊಡಬಹುದು. ಬೆಲೆ ತಗ್ಗಿಸಲು ಒತ್ತಾಯಿಸದೆ, ಮಾಲು ಬಂದ ದಿನವೇ ಹಣ ಸಲ್ಲಿಸುವುದು ದೊಡ್ಡ ನೆರವು. ಸಣ್ಣ ಉದ್ಯಮ ಮುಳುಗುವುದು ಬಹುಮಟ್ಟಿಗೆ ಉದ್ರಿಯಲ್ಲಿ. ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು, ಶಿಕ್ಷಕಿಯರು ತಿಂಗಳಿಗೆ ಎರಡು ಗಂಟೆ ಬಳಗಕ್ಕೆ ನೀಡಿದರೆ ಅದೂ ದಾಸೋಹವೇ. ಉದ್ಯಮದಲ್ಲಿ ನೆಲೆನಿಂತ ತಾಯಂದಿರಂತೂ ತಮ್ಮ ಅನುಭವವನ್ನು ಒಬ್ಬ ಕಿರಿಯಳಿಗಾದರೂ ಧಾರೆಯೆರೆಯಬೇಕೆಂಬುದು ನಮ್ಮ ಕಳಕಳಿಯ ಪ್ರಾರ್ಥನೆ.

ಸಾಲ ಕೊಡುವವರು ಕಂತಿನ ದಿನ ಬರುತ್ತಾರೆ, ತರಬೇತಿ ಕೊಟ್ಟವರು ಪ್ರಮಾಣಪತ್ರ ಕೊಟ್ಟು ಹೊರಡುತ್ತಾರೆ. ಉಳಿದ ದಿನಗಳಲ್ಲಿ ಆ ತಾಯಿಯ ಜೊತೆಗೆ ನಿಲ್ಲಬೇಕಾದವರು ಊರಿನವರಾದ ನಾವು.



— ಕಾರ್ಯದರ್ಶಿಗಳು, ಶ್ರೀಮಠ